ಗುಂಡಗಡಿಗೆ ಕಟ್ಟಿಕೊಂಡ ಬೌಲರ್

ವೇಗದ ಬೌಲರ್ ಆಗಬೇಕೆಂದು ಹೊರಟವರು ಈಗಲೂ ನನ್ನ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ಚೆಂಡಿನ ಹೊಲಿಗೆಯ ಮೇಲೆ ಬೆರಳು ಹೇಗಿಡಬೇಕು ಎಂದು. ಬೆರಳಿನ ಮಾತು ಆಮೇಲೆ, ಮೊದಲು ಬೂಟು ಬಿಚ್ಚಿ ಪಾದ ತೋರಿಸಪ್ಪ ಎನ್ನುತ್ತೇನೆ. ಹಿಮ್ಮಡಿ ನುಣ್ಣಗಿದ್ದರೆ ಚಹಾ ಕುಡಿಸಿ, ಬ್ಯಾಟ್ ಹಿಡಿಯುವುದನ್ನು ಕಲಿತುಕೋ ಎಂದು ಹೇಳಿ ಕಳಿಸುತ್ತೇನೆ. ಬ್ಯಾಟ್ಸ್‌ಮನ್ ಆದವನಿಗೆ ಹೂವಿನ ಹಾರ, ಒಳ್ಳೆಯ ಮನೆತನದ ಹೆಣ್ಣು, ಮುಪ್ಪಿನಲ್ಲಿ ನೆಟ್ಟಗಿರುವ ಮೊಣಕಾಲು ಎಲ್ಲ ಸಿಗುತ್ತವೆ. ಬೌಲರಿಗೆ ಸಿಗುವುದು ಒಂದು ಲೋಟ ನೀರು, ಅದೂ ಓವರ್ ಮುಗಿದ ಮೇಲೆ.

ಇಷ್ಟೆಲ್ಲ ಗೊಣಗಿದರೂ ಇನ್ನೊಂದು ಜನ್ಮವಿದ್ದರೆ ನಾನು ಓಡಿ ಬಂದು ಚೆಂಡು ಹಾಕುವವನೇ ಆಗುತ್ತೇನೆ. ಎದುರಿಗೆ ಠೀವಿಯಿಂದ ನಿಂತವನ ನಡುಗೂಟ ಕಿತ್ತು ಹಾರುವಾಗ ಒಂದು ಸಪ್ಪಳ ಬರುತ್ತದಲ್ಲ, ಅಂಥ ಸುಖ ತುಪ್ಪ ಹಾಕಿದ ಹೋಳಿಗೆಯಲ್ಲೂ ನನಗೆ ಸಿಕ್ಕಿಲ್ಲ. ಯಾವ ತಂಡದಿಂದ ಯಾವ ತಂಡಕ್ಕೆ ಏರಿದೆ, ಯಾರು ಶಾಲು ಹೊದಿಸಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವೆಲ್ಲ ಪತ್ರಿಕೆಗಳಲ್ಲಿ ಬಂದಿದ್ದವು, ಆ ಪತ್ರಿಕೆಗಳನ್ನು ಗೆದ್ದಲು ಓದಿ ಮುಗಿಸಿದೆ. ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತೇನೆ.

ಮೊದಲು ಒಂದು ಸುಳ್ಳನ್ನು ತೊಳೆಯಬೇಕು. ಸಂದರ್ಶನಕ್ಕೆ ಬಂದವರೆಲ್ಲ ನನ್ನ ಬಗ್ಗೆ ಒಂದೇ ಕಥೆ ಬರೆದರು. ಜೋಳದ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿಗಳಿಗೆ ಕವಣೆ ಬೀಸಿ ಬೀಸಿ ನನ್ನ ತೋಳಿಗೆ ವೇಗ ಬಂತಂತೆ. ಕವಣೆ ನನ್ನ ಕೈಯಲ್ಲಿದ್ದ ದಿನ ಹಕ್ಕಿಗಳು ನೆಮ್ಮದಿಯಿಂದ ಉಂಡು ಹೋಗುತ್ತಿದ್ದವು. ಒಮ್ಮೆ ನಾನು ಬೀಸಿದ ಕಲ್ಲು ಹಿಂದಕ್ಕೆ ಹಾರಿ ನಮ್ಮದೇ ಎಮ್ಮೆಗೆ ಬಿತ್ತು. ಗುರಿ ಇದ್ದದ್ದು ನನ್ನ ಅಕ್ಕ ನೀಲವ್ವನಿಗೆ. ಅವಳು ಗಂಡಾಗಿ ಹುಟ್ಟಿದ್ದರೆ ಈ ಅನುಭವ ಕಥನ ಬರೆಯುತ್ತಿದ್ದವಳು ಅವಳೇ. ನನ್ನ ಪಾಲಿಗೆ ಬಂದದ್ದು ಒದರಿ ಹಕ್ಕಿ ಓಡಿಸುವ ಕೆಲಸ. ಅದು ನಮ್ಮ ಮನೆತನದ ಗಂಟಲು. ಕುರನೂರಿನಲ್ಲಿ ನಮ್ಮ ಹೊಲ ಬೋರಿ ನದಿಯ ದಂಡೆಗಿತ್ತು. ಅಪ್ಪ ಈ ದಂಡೆಯಿಂದ ಒಂದು ಕೂಗು ಹಾಕಿದರೆ ಆ ದಂಡೆಯವರು ಉಳುವ ಗಳೆ ನಿಲ್ಲಿಸಿ, ಕರೆದದ್ದು ತಮ್ಮನ್ನೇ ಏನೋ ಎಂದು ತಿರುಗಿ ನೋಡುತ್ತಿದ್ದರು.

ಇಪ್ಪತ್ತರ ದಶಕದ ನಡುವಿನಲ್ಲಿ ನಾನು ಸೊಲ್ಲಾಪುರಕ್ಕೆ ಬಂದು ಒಂದು ಬಟ್ಟೆ ಮಿಲ್ಲಿನ ಗೋದಾಮಿನಲ್ಲಿ ನೂಲಿನ ಗಂಟು ಹೊರುವ ಕೆಲಸಕ್ಕೆ ಸೇರಿದೆ. ನವಿ ಪೇಠದ ಒಂದು ಅರಿವೆ ಅಂಗಡಿಯ ಮೇಲಿನ ಖೋಲಿಯಲ್ಲಿ ವಾಸ. ನಮ್ಮ ಮಿಲ್ಲಿಗೆ ಒಂದು ಕ್ರಿಕೆಟ್ ತಂಡವಿತ್ತು, ಅದರ ನಾಯಕರು ನೂಲುವ ವಿಭಾಗದ ಮುಖ್ಯಸ್ಥರಾದ ಜೋಶಿ ಸಾಹೇಬರು. ಒಂದು ದಿನ ಅವರು ಗೋದಾಮಿನೊಳಗೆ ಬಂದು ಹಮಾಲರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೆಗಲು ತಟ್ಟುತ್ತಾ ಹೋದರು. ಅಕ್ಕಲಕೋಟದ ಸಂತೆಯಲ್ಲಿ ಎತ್ತು ಆರಿಸುವವರು ಹೀಗೇ ಮಾಡುತ್ತಾರೆ. ಹಲ್ಲು ನೋಡುವುದೊಂದು ಬಾಕಿಯಿತ್ತು.

“ಅರೇ ವಾ! ನಿನ್ನ ಹೆಸರೇನೋ?” ಅಂದರು.

“ಗುರಪ್ಪ ಅಂತಾರ್ರಿ.”

“ಗುರಪ್ಪಾ, ಸಂಜೀಕ ಮೈದಾನಕ್ಕ ಬಾ. ಓಡಾಕ ಬರ್ತದಲ್ಲ?”

“ಯಾರ ಹಿಂದ ಓಡಬೇಕ್ರಿ?” ಎಂದು ಕೇಳಿದೆ. ಗೋದಾಮಿನವರೆಲ್ಲ ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ, ಕಳ್ಳನನ್ನು ಹಿಡಿಯಬೇಕೇನೋ ಅಂದುಕೊಂಡಿದ್ದೆ.

ಹೀಗೆ ಶುರುವಾಯಿತು. ಮಿಲ್ಲಿನ ಭೋಂಗಾ ಕೂಗಿದ ಮೇಲೆ ಮೈದಾನಕ್ಕೆ ಹೋಗಿ ಕತ್ತಲಾಗುವ ತನಕ ಚೆಂಡು ಹಾಕುವುದು. ಕೆಲವೇ ತಿಂಗಳಲ್ಲಿ ನನ್ನ ಚೆಂಡಿಗೆ ಬ್ಯಾಟ್ ಹಿಡಿಯಲು ಮಿಲ್ಲಿನಲ್ಲಿ ಯಾರೂ ಮುಂದೆ ಬಾರದಂತಾಯಿತು. ಆದರೆ ಸುದ್ದಿ ಕುರನೂರಿಗೆ ಮುಟ್ಟಿ, ಹಬ್ಬಕ್ಕೆ ಹೋದಾಗ ಅಪ್ಪ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡ.

ಇಲ್ಲಿ ಒಂದು ವಿಷಯ ಹೇಳಬೇಕು. ನಾವು ಲಿಂಗಾಯತರು. ಇಷ್ಟಲಿಂಗವನ್ನು ಬೆಳ್ಳಿಯ ದುಂಡು ಕರಡಿಗೆಯಲ್ಲಿಟ್ಟು ಶಿವದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಆ ಕರಡಿಗೆಗೆ ನಮ್ಮ ಕಡೆ ಗುಂಡಗಡಿಗೆ ಎನ್ನುತ್ತಾರೆ. ಉಣ್ಣುವಾಗ, ಮಲಗುವಾಗ, ಗಳೆ ಹೊಡೆಯುವಾಗ ಅದು ಮೈಮೇಲೆಯೇ ಇರಬೇಕು. ಸಣ್ಣ ನಿಂಬೆಕಾಯಿಗಿಂತ ದೊಡ್ಡದಾದ, ಗಟ್ಟಿ ಬೆಳ್ಳಿಯ ವಸ್ತು. ಅದನ್ನು ಕಟ್ಟಿಕೊಂಡು ನೀವು ನೂರು ಮಾರು ಓಡಿ ನೋಡಿ, ಎದೆಯ ಮೇಲೆ ಯಾರೋ ಬಾಗಿಲು ಬಡಿದಂತಾಗುತ್ತದೆ.

“ಆ ಚೆಂಡು ಚರ್ಮದ್ದೇನು?” ಅಪ್ಪ ಕೇಳಿದ.

“ಹೌದು ಯಪ್ಪಾ.”

ಅಪ್ಪ ಸ್ವಲ್ಪ ಹೊತ್ತು ತನ್ನ ಕಾಲಿನ ಜೋಡು ನೋಡಿಕೊಂಡ. “ಹೋಗ್ಲಿ, ನಾವೂ ಜೋಡು ಹಾಕ್ತೀವಿ. ಓಡೋ ಮುಂದ ಅಂಗಿ ಕಳೀತಾರೇನು?”

“ಇಲ್ಲ, ಬಿಳಿ ಅಂಗಿ ಹಾಕ್ತಾರ.”

“ಹಂಗಾದ್ರ ಕೇಳು. ನೀ ಆಡು, ಕುಣಿ, ಏನರ ಮಾಡು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಲಿಂಗ ಮೈಬಿಟ್ಟು ಇಳಿಬಾರದು. ಇಳಿದ ದಿನ ಆ ಚೆಂಡು ಅಲ್ಲೇ ಇಟ್ಟು ಮನಿಗಿ ಬರಬೇಕು. ಕಬೂಲೇನು?”

“ಕಬೂಲ್,” ಅಂದೆ. ಆಗಿನ ಕಾಲದಲ್ಲಿ ಅಪ್ಪನಿಗೆ ಕೊಟ್ಟ ಮಾತೆಂದರೆ ಸರಕಾರಿ ಮುದ್ರೆ ಒತ್ತಿದಂತೆ. ಅವ್ವ ಒಂದು ಹಳೆಯ ಇಳಕಲ್ ಸೀರೆಯ ಸೆರಗು ಹರಿದು ಉದ್ದನೆಯ ಪಟ್ಟಿ ಮಾಡಿಕೊಟ್ಟಳು. ಗುಂಡಗಡಿಗೆಯ ಮೇಲಿಂದ ಎದೆಯ ಸುತ್ತ ಆ ಪಟ್ಟಿ ಬಿಗಿದುಕೊಂಡು ನಾನು ಅಷ್ಟೂ ವರ್ಷ ಚೆಂಡು ಹಾಕಿದೆ.

ಈಗ ನನ್ನ ಮೊದಲ ದೊಡ್ಡ ಎಡವಟ್ಟು. ಮಿಲ್ಲಿನ ಪರ ನನ್ನ ಮೊದಲ ಪಂದ್ಯದಲ್ಲಿ ಎದುರಾಳಿಯ ಬ್ಯಾಟಿಗೆ ತಾಗಿದ ಚೆಂಡು ನೇರ ವಿಕೆಟ್ ಕೀಪರನ ಕೈಗೆ ಹೋಯಿತು. ಕೀಪರ್ ನಮ್ಮ ನೇಯ್ಗೆ ವಿಭಾಗದ ಜಾಬರ್, ಅಂದರೆ ಮಗ್ಗದವರ ಮೇಸ್ತ್ರಿ, ಇಸ್ಮಾಯಿಲ್. ಆ ಹೊತ್ತಿಗೆ ಅವನ ಬಾಯಿತುಂಬ ಎಲೆ ಅಡಿಕೆ ಇದ್ದುದರಿಂದ ಕೂಗಲಿಲ್ಲ. ಕೂಗಿ ಕೇಳದಿದ್ದರೆ ಅಂಪೈರ್ ಔಟ್ ಕೊಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಅಂದಿನ ಅಂಪೈರ್ ಬಿಳಿ ಮೀಸೆಯ ಹಿರಿಯರು. ಅಂಥವರ ಮುಖದ ಮುಂದೆ ಒದರುವುದು ಹೇಗೆ? ನಾನು ಹಣೆಯ ಬೆವರು ಒರೆಸಿಕೊಂಡು, ಹತ್ತಿರ ಹೋಗಿ, ಕೈ ಕಟ್ಟಿ ನಿಂತು, “ಏನ್ರಿ ಅಜ್ಜಾರ, ಇದು ಔಟಾದಂಗ ಕಾಣ್ತದಲ್ರಿ?” ಎಂದು ಮೆಲ್ಲಗೆ ಕೇಳಿದೆ. ಅಷ್ಟರಲ್ಲಿ ಅವರು ಆ ದಿನದ ಆಟ ಮುಗಿಯಿತೆಂದು ಸಾರಿಯೂ ಆಗಿತ್ತು. ಅಜ್ಜನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ತಮ್ಮಾ, ನೀ ಭಾಳ ಛಲೋ ಮನಿತನದಾಂವ ಇದ್ದೀ, ಆದ್ರ ಹೊತ್ತಾತು,” ಅಂದರು.

ಜೋಶಿ ಸಾಹೇಬರು ತಲೆ ಚಚ್ಚಿಕೊಂಡರು. “ಗುರಪ್ಪಾ, ದೇವಾ ಶಪಥ, ನಾಳಿಂದ ನೀ ಚೆಂಡು ಹಾಕಬ್ಯಾಡ, ಬರೇ ಒದರು!” ಎಂದು ಹೇಳಿ ನನ್ನನ್ನು ಮೈದಾನದ ಮೂಲೆಯಲ್ಲಿ ನಿಲ್ಲಿಸಿ ಕೂಗು ಕಲಿಸಿದರು. ನನಗೆ ಹತ್ತಲಿಲ್ಲ. ಊರಿಗೆ ಹೋದಾಗ ನೀಲವ್ವ ಒಂದು ಉಪಾಯ ಹೇಳಿದಳು. “ಅಂಪೈರ್‌ನ ಮಾರಿ ಯಾಕ ನೋಡ್ತೀ? ಜೋಳದ ಮ್ಯಾಲೆ ಗುಬ್ಬಿ ಹಿಂಡು ಇಳದಾವ ಅಂತ ತಿಳ್ಕೊಂಡು ಆಕಾಶಕ್ಕ ಒದರು.” ಮುಂದಿನ ಪಂದ್ಯದಲ್ಲಿ ಹಾಗೆಯೇ ಒದರಿದೆ. ಮೈದಾನದ ಬೇವಿನ ಮರದಲ್ಲಿದ್ದ ಕಾಗೆಗಳೆಲ್ಲ ಎದ್ದು ಹೋದವು, ಬ್ಯಾಟ್ಸ್‌ಮನ್ನೂ ಅವುಗಳ ಜತೆಗೆ ಹೋದ. ಈಗಿನವರು ಅಂಪೈರನ ಮುಂದೆ ಮಂಡಿಯೂರಿ ಕುಣಿಯುವುದನ್ನು ನೋಡಿದಾಗ ನನಗೆ ಆ ಅಜ್ಜನವರ ನೆನಪಾಗುತ್ತದೆ.

ಆಗ ನಮ್ಮ ಕಡೆ ಹುಲ್ಲಿನ ಪಿಚ್ ಎಂಬುದಿರಲಿಲ್ಲ. ಮುರುಮು ಮಣ್ಣು ಹಾಕಿ ದಮ್ಮಸು ಮಾಡಿದ ನೆಲದ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ಸುತ್ತ ಮೊಳೆ ಹೊಡೆದು ಆಡುತ್ತಿದ್ದೆವು. ಚಾಪೆ ಎಷ್ಟು ಬಿಗಿಯಾಗಿದ್ದರೆ ನನ್ನ ಚೆಂಡು ಅಷ್ಟು ಜಿಗಿಯುತ್ತಿತ್ತು. ಬಿಗಿ ಮಾಡುವ ಕೆಲಸ ಇಸ್ಮಾಯಿಲನದು. ಬೇರೆ ಊರುಗಳಲ್ಲಿ ಮಾಲಿಗಳು ಚಾಪೆ ಎಳೆಯುತ್ತಿದ್ದರು, ನಮ್ಮಲ್ಲಿ ಮಗ್ಗದವರು ಎಳೆಯುತ್ತಿದ್ದರು. ಅದರ ಫರಕು ಆಡಿದವನಿಗೇ ಗೊತ್ತು.

ಒಮ್ಮೆ ಪುಣೆಯ ಕಡೆಯಿಂದ ಬಿಳಿಯ ಸಿಪಾಯಿಗಳ ಗೋರಾ ಪಲ್ಟಣದ ಒಂದು ತಂಡ ಬಂದಿತ್ತು. ಇಸ್ಮಾಯಿಲ್ ಹುರುಪಿಗೆ ಬಿದ್ದ. “ಗುರಪ್ಪಾ, ಇವತ್ತ ಚಾಪಿ ಹೆಂಗ ಎಳಿತೀನಿ ನೋಡ್ತಾ ಇರು. ಮಗ್ಗದ ಮ್ಯಾಲಿನ ನೂಲಿನಂಗ ಮಿಡಿದ್ರ ಠಣ್ ಅನ್ನಬೇಕು!” ಎಂದು ನಾಲ್ಕು ಜನರನ್ನು ಕರೆದು, ನೀರು ಚಿಮುಕಿಸಿ, ಎಳೆದು ಎಳೆದು ಬಿಗಿದ. ಅದು ನಿಜವಾಗಿಯೂ ಠಣ್ ಎನ್ನುವಂತಾಯಿತು. ಬಿಸಿಲೇರಿ ಚಾಪೆ ಒಣಗಿ ಇನ್ನೂ ಬಿಗಿಯಿತು. ನಾನು ಓಡಿ ಬಂದು ನನ್ನ ಬೂಟನ್ನು ಚಾಪೆಯ ತುದಿಗೆ ಊರಿದ್ದೇ ತಡ, ನನ್ನ ತುದಿಯ ಮೊಳೆಗಳೆಲ್ಲ ಒಮ್ಮೆಲೇ ಕಿತ್ತುಬಂದವು. ಚಾಪೆ ಹಾಸಿಗೆ ಸುತ್ತಿದ ಹಾಗೆ ಸುತ್ತಿಕೊಳ್ಳುತ್ತಾ ಪಲ್ಟಣದ ಕ್ಯಾಪ್ಟನ್ ಸಾಹೇಬನ ಕಾಲಿನ ತನಕ ಹೋಯಿತು, ಸಾಹೇಬ ಅದರ ಮೇಲೆ ಕುಳಿತುಬಿಟ್ಟ. ನನ್ನ ಚೆಂಡು ಆ ಸುರುಳಿಯೊಳಗೆ ಎಲ್ಲೋ ಸೇರಿಹೋಗಿತ್ತು. ಅಂಪೈರ್ ತಮ್ಮ ನಿಯಮದ ಪುಸ್ತಕ ನೆನಪು ಮಾಡಿಕೊಳ್ಳುತ್ತಾ ಆಕಾಶ ನೋಡಿದರು. ಸಾಹೇಬ ಕುಳಿತಲ್ಲಿಂದಲೇ ಹೊಟ್ಟೆ ಹಿಡಿದು ನಗಲು ಶುರುಮಾಡಿದ ಮೇಲೆ ನಮಗೆಲ್ಲ ಜೀವ ಬಂತು. ಇಸ್ಮಾಯಿಲ್ ಮಾತ್ರ ನಗಲಿಲ್ಲ. “ಚಾಪಿ ಮಸ್ತ್ ಇತ್ತು, ಮೊಳಿ ನಾಲಾಯಕ್,” ಎಂದು ಕೊನೆಯ ತನಕ ವಾದ ಮಾಡಿದ.

ಈ ಚಾಪೆಯ ಪ್ರಸಂಗಗಳಿಂದಲೇ ನನ್ನ ಹೆಸರು ಹೊರಗಿನವರ ಕಿವಿಗೆ ಬಿತ್ತು. ಮೂವತ್ತರ ದಶಕದಲ್ಲಿ ವಿಲಾಯತಿಯ ತಂಡವೊಂದು ಹಿಂದೂಸ್ತಾನಕ್ಕೆ ಬಂದಾಗ ಮುಂಬೈಯಲ್ಲಿ ಅವರ ಎದುರು ಆಡಲು ನನ್ನನ್ನು ಕರೆಸಿದರು. ಜೋಶಿ ಸಾಹೇಬರು ನಿಲ್ದಾಣದ ತನಕ ಬಂದು, “ಪೋರಾ, ಅಂಗಿ ಗುಂಡಿ ಹಾಕ್ಕೊಂಡು ಆಡು,” ಎಂದು ಬುದ್ಧಿ ಹೇಳಿದರು. ಸೊಲ್ಲಾಪುರದ ಬಿಸಿಲಿನಲ್ಲಿ ಮೇಲಿನ ಮೂರು ಗುಂಡಿ ಬಿಚ್ಚಿ ಆಡುವುದು ನನ್ನ ಕೆಟ್ಟ ಚಾಳಿ. ಹೂಂ ಅಂದೆ, ರೈಲು ಹೊರಟ ಕೂಡಲೇ ಮರೆತೆ.

ಮುಂಬೈಯ ಪಿಚ್ ನೋಡಿ ನನಗೆ ಅಳುವೇ ಬಂತು. ಚಾಪೆ ಇಲ್ಲ, ಬರೀ ಹುಲ್ಲು. ನಾನು ಚಾಪೆಯ ಮೇಲೆ ಹಾಕುತ್ತಿದ್ದ ಚೆಂಡನ್ನೇ ಇಲ್ಲಿ ಹಾಕಿದರೆ ಅದು ಮೊಣಕಾಲಿಗಿಂತ ಮೇಲೇಳದೆ ಸಾಧುವಾಗಿ ಹೋಗಿ ಬ್ಯಾಟಿನ ಮುಂದೆ ನಿಲ್ಲುತ್ತಿತ್ತು. ನೆಟ್‌ನಲ್ಲಿ ಒಬ್ಬ ಹಿರಿಯ ಆಟಗಾರರು, ಬ್ಯಾಟ್ಸ್‌ಮನ್ನನ ಪಾದದ ಹತ್ತಿರ ಹಾಕು, ಹುಲ್ಲಿನಲ್ಲಿ ಚೆಂಡು ತಾನೇ ತಿರುಗುತ್ತದೆ ಎಂದು ತೋರಿಸಿದರು. ಎರಡೇ ದಿನದಲ್ಲಿ ನನ್ನ ಕಸುಬನ್ನು ನಾನು ಹೊಸದಾಗಿ ಕಲಿಯಬೇಕಾಯಿತು. ಪಾದದ ಹತ್ತಿರ ಹಾಕುವುದರಲ್ಲಿ ಒಂದು ಅಪಾಯವಿದೆ. ಒಳ್ಳೆಯ ಬ್ಯಾಟ್ಸ್‌ಮನ್ ಅದನ್ನು ನೇರವಾಗಿ ಬೌಲರನ ಕಡೆಗೇ ಬಾರಿಸುತ್ತಾನೆ.

ಪಂದ್ಯದ ಬೆಳಿಗ್ಗೆ ನಮ್ಮ ನಾಯಕರು ನನ್ನ ಎದೆಯ ಪಟ್ಟಿ ನೋಡಿದರು. ಹಿಂದಿಯಲ್ಲಿ, ಇದೇನು ಗಾಯವೇ ಎಂದು ಕೇಳಿದರು. ನಾನು ಬಿಡಿಸಿ ತೋರಿಸಿದೆ. ಒಳ್ಳೆಯ ಮನುಷ್ಯ, ಆದರೆ ತಲೆಯ ತುಂಬ ಪಂದ್ಯವೇ ಇತ್ತು. ಆಡುವಷ್ಟು ಹೊತ್ತು ತೆಗೆದು ಪೆಟ್ಟಿಗೆಯಲ್ಲಿಡು, ನಾನೇ ಕೀಲಿ ಹಾಕಿಸುತ್ತೇನೆ ಅಂದರು. ಆಗುವುದಿಲ್ಲ ಅಂದೆ. ಅದರಿಂದ ಆಟಕ್ಕೆ ಏನಾದರೂ ತೊಡಕಾದರೆ ಮುಂದಿನ ಪಂದ್ಯದಲ್ಲಿ ನೀನಿರುವುದಿಲ್ಲ ಅಂದರು. ಆಗಲಿ ಅಂದೆ. ಅಲ್ಲಿ ನಾಯಕರ ಮಾತು, ಇಲ್ಲಿ ಅಪ್ಪನ ಮಾತು. ಎರಡರ ನಡುವೆ ನಾನು ಚೆಂಡು ತೆಗೆದುಕೊಂಡು ಮೈದಾನಕ್ಕೆ ಇಳಿದೆ.

ಮುಂಬೈಯ ಬೆವರು ನಿಮಗೆ ಗೊತ್ತಿರಬಹುದು. ಊಟದ ಹೊತ್ತಿಗೆ ಅವ್ವನ ಪಟ್ಟಿ ತೊಯ್ದು ತೊಪ್ಪೆಯಾಗಿ ಸೊಂಟಕ್ಕೆ ಇಳಿದಿತ್ತು. ಗುಂಡಗಡಿಗೆ ಶಿವದಾರದಲ್ಲಿ ಹಾಗೇ ತೂಗಾಡುತ್ತಿತ್ತು. ಅಂಗಿಯ ಮೂರು ಗುಂಡಿ ಯಥಾಪ್ರಕಾರ ಬಿಚ್ಚಿದ್ದವು. ಎದುರಿಗಿದ್ದವನು ಅವರಲ್ಲೇ ದೊಡ್ಡ ಬ್ಯಾಟ್ಸ್‌ಮನ್, ಇನ್ನೂ ಆಟಕ್ಕೆ ಕುದುರಿರಲಿಲ್ಲ. ನಾನು ಪಾದದ ಹತ್ತಿರ ಒಂದು ಚೆಂಡು ಹಾಕಿದೆ. ಹಾಕಿದ ರಭಸಕ್ಕೆ ಮೈ ಮುಂದೆ ಬಾಗಿತು, ಗುಂಡಗಡಿಗೆ ಅಂಗಿಯಿಂದ ಹೊರಗೆ ಬಂದು ನೇತಾಡಿತು. ಅವನು ಚೆಂಡನ್ನು ನೇರ ನನಗೇ ಬಾರಿಸಿದ.

ಚೆಂಡು ಬೆರಳ ತುದಿಗೆ ಸವರಿ, ಬೆಳ್ಳಿಗೆ ಠಕ್ಕೆಂದು ಬಡಿದು ಮೇಲಕ್ಕೆ ಹಾರಿತು. ಅದೇ ಕ್ಷಣಕ್ಕೆ ಕೊರಳ ಹಿಂದೆ ಏನೋ ಹರಿದದ್ದು ಗೊತ್ತಾಯಿತು. ಮೇಲೆ ಚೆಂಡು, ಕೆಳಗೆ ಲಿಂಗ. ಒಂದು ಏರುತ್ತಿದೆ, ಒಂದು ಬೀಳುತ್ತಿದೆ.

ಒಂದೊಂದು ಕೈಯಲ್ಲಿ ಒಂದೊಂದು ಹಿಡಿಯಬಹುದಿತ್ತಲ್ಲ ಎಂದು ಇಂದಿಗೂ ಜನ ಕೇಳುತ್ತಾರೆ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವಾಗ ನಾನೂ ಎರಡನ್ನೂ ಹಿಡಿದಿದ್ದೇನೆ. ಅಲ್ಲಿ ಆಗಲಿಲ್ಲ. ಎರಡೂ ಕೈಗಳು ನನ್ನನ್ನು ಕೇಳದೆ ಕೆಳಗೆ ಹೋದವು. ನೆಲಕ್ಕೆ ಒಂದು ಗೇಣು ಇರುವಾಗ ಗುಂಡಗಡಿಗೆ ನನ್ನ ಎಡ ಅಂಗೈಗೆ ಬಂದು ಕುಳಿತಿತು, ಬಲಗೈ ಅದರ ಮೇಲೆ ಮುಚ್ಚಿತು. ಚೆಂಡು ನನ್ನ ಬೆನ್ನ ಹಿಂದೆ ಬಿದ್ದು ಎರಡು ಸಲ ಪುಟಿದು ನಿಂತಿತು.

ಮೈದಾನದ ತುಂಬ ಅಯ್ಯೋ ಎಂಬ ಕೂಗೆದ್ದಿತು. ನಾನು ಹರಿದ ಶಿವದಾರದ ಎರಡು ತುದಿಗಳನ್ನು ಗಂಟು ಹಾಕಿ ಕೊರಳಿಗೇರಿಸಿಕೊಂಡೆ. ಗಂಟಿನಿಂದ ದಾರ ಗಿಡ್ಡವಾಗಿ ಗುಂಡಗಡಿಗೆ ಗಂಟಲ ಹತ್ತಿರ ಬಂದು ಕುಳಿತಿತು. ಹಾಗೆಯೇ ಓವರ್ ಮುಗಿಸಿದೆ. ಆ ಬ್ಯಾಟ್ಸ್‌ಮನ್ ಸಂಜೆಯ ತನಕ ಆಡಿ ನೂರು ದಾಟಿದ. ನಾಯಕರು ಇಂಗ್ಲಿಷಿನಲ್ಲಿ ಬೈದರು. ನನಗೆ ಅರ್ಥವಾಗದ ಕಾರಣ ಅಷ್ಟೊಂದು ನೋವಾಗಲಿಲ್ಲ. ಚಹಾದ ಹೊತ್ತಿಗೆ ಆ ಬ್ಯಾಟ್ಸ್‌ಮನ್ನೇ ಬಂದು, ತನ್ನ ಹೊಡೆತಕ್ಕೆ ನಿನ್ನ ಗಡಿಯಾರ ಒಡೆಯಿತೇ ಎಂದು ಒಬ್ಬರ ಮೂಲಕ ವಿಚಾರಿಸಿದ. ಗಡಿಯಾರವಲ್ಲ, ನನ್ನ ದೇವರು ಅಂದೆ. ಅವನು ಟೊಪ್ಪಿಗೆ ತೆಗೆದು, ನನ್ನನ್ನು ಉಳಿಸಿದ್ದಕ್ಕೆ ಅದಕ್ಕೆ ನನ್ನ ನಮಸ್ಕಾರ ಹೇಳು ಎಂದು ಹೇಳಿಸಿದ. ಬ್ಯಾಟ್ಸ್‌ಮನ್ನರಲ್ಲಿ ನಾನು ಮೆಚ್ಚಿದ ಕೆಲವರಲ್ಲಿ ಅವನೊಬ್ಬ.

ಮುಂದಿನ ಪಂದ್ಯಕ್ಕೆ ನನ್ನ ಹೆಸರಿರಲಿಲ್ಲ. ಅದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಕುರನೂರಿನ ಕಟ್ಟೆ. ಲಿಂಗ ಕೊರಳಿನಿಂದ ಇಳಿದಿತ್ತು. ಅಪ್ಪನಿಗೆ ಕೊಟ್ಟ ಮಾತಿನ ಪ್ರಕಾರ ನನ್ನ ಆಟ ಅಲ್ಲಿಗೆ ಮುಗಿದಿತ್ತು. ಸೊಲ್ಲಾಪುರದಲ್ಲಿ ಜೋಶಿ ಸಾಹೇಬರು, “ಗುರಪ್ಪಾ, ಕ್ಯಾಚ್ ಬಿಟ್ಟಾನ ಅಂತ ಅಷ್ಟೇ ಪೇಪರಿನ್ಯಾಗ ಬಂದದ. ನಿಮ್ಮಪ್ಪಗ ಹೇಳವರು ಯಾರು? ಸುಮ್ನ ಇದ್ದುಬಿಡು,” ಅಂದರು. ಇಸ್ಮಾಯಿಲ್ ತಲೆಯಾಡಿಸಿದ. “ಇಲ್ಲ ಸಾಬ್. ಅಪ್ಪಗ ಸುಳ್ಳು ಹೇಳಿ ಇಂವ ಚೆಂಡು ಹಾಕಿದ್ರ ಆ ಚೆಂಡಿನ್ಯಾಗ ದಮ್ ಇರಂಗಿಲ್ಲ.” ನನಗೂ ಹಾಗೇ ಅನ್ನಿಸಿತ್ತು. ಮರುದಿನವೇ ಅಕ್ಕಲಕೋಟದ ದಾರಿ ಹಿಡಿದು, ಅಲ್ಲಿಂದ ಊರ ಕಡೆ ಹೊರಟಿದ್ದ ಒಂದು ಬಂಡಿ ಹತ್ತಿದೆ. ಆಟ ಬಿಡಬೇಕಾಗುತ್ತದೆ ಎಂದು ನೆನೆದು ದಾರಿಯಲ್ಲಿ ನಿಜವಾಗಿಯೂ ಕಣ್ಣೀರು ಬಂತು. ಬಂಡಿಯವನು ಧೂಳೆಂದು ತಿಳಿದು ತನ್ನ ಟವೆಲ್ ಕೊಟ್ಟ.

ಅಪ್ಪ ಅಂಗಳದಲ್ಲಿ ಎತ್ತಿನ ಹಗ್ಗ ಹೊಸೆಯುತ್ತಿದ್ದ. ನಾನು ಎಲ್ಲವನ್ನೂ ಹೇಳಿದೆ. ಚೆಂಡಿನ ಏಟಿಗೆ ನೆಗ್ಗಿದ ಗುಂಡಗಡಿಗೆಯನ್ನೂ ಗಂಟು ಹಾಕಿದ ದಾರವನ್ನೂ ತೋರಿಸಿದೆ. ಅಪ್ಪನ ಕೈ ನಿಂತಿತು.

“ನೆಲಕ್ಕ ಬಿತ್ತೇನು?”

“ಇಲ್ಲ ಯಪ್ಪಾ. ಕೈಯಾಗ ಹಿಡಿದೆ.”

“ಯಾವ ಕೈಯಾಗ?”

“ಎಡಗೈಯಾಗ. ಬಲಗೈ ಮ್ಯಾಲೆ ಮುಚ್ಚಿದ್ದೆ.”

“ದಿನಾ ಮುಂಜಾನಿ ಪೂಜಿ ಮಾಡೋ ಮುಂದ ಲಿಂಗಾ ಎಲ್ಲಿ ಇಟ್ಕೋತಿ?”

ಯಾಕೆ ಕೇಳುತ್ತಾನೆಂದು ನನಗೆ ತಿಳಿಯಲಿಲ್ಲ. “ಎಡ ಅಂಗೈಯಾಗ,” ಅಂದೆ.

“ಮತ್ತ? ಎದಿ ಬಿಟ್ಟು ಅಂಗೈಗಿ ಬಂದು ಕುಂತದ. ಅದೂ ಅದರ ಜಾಗಾನೇ. ಮೈಬಿಟ್ಟು ಇಳಿದದ್ದು ಎಲ್ಲಿ ಬಂತು?” ಅಪ್ಪ ಮತ್ತೆ ಹಗ್ಗ ಹೊಸೆಯತೊಡಗಿದ. ಹೊಸೆಯುತ್ತಲೇ, ತಲೆಯೆತ್ತದೆ, “ಅಷ್ಟ ದೊಡ್ಡ ಆಟದಾಗ ಚೆಂಡು ಬಿಟ್ಟು ಇದನ್ನ ಹಿಡಿದೇನು?” ಎಂದು ಕೇಳಿದ. ಹೌದು ಅಂದೆ. “ಹೂಂ,” ಅಂದ. ಅಪ್ಪನ ಬಾಯಿಂದ ಅಂಥ ಹೂಂ ನಾನು ಅದಕ್ಕಿಂತ ಮುಂಚೆ ಕೇಳಿರಲಿಲ್ಲ.

“ಮಿಲ್ಲಿನ ಗಟ್ಟಿ ನೂಲು ತಂದುಕೊಡು. ಈ ಸಲದ ದಾರ ನಾ ಹೊಸೀತೀನಿ,” ಅಂದ. ತಂದುಕೊಟ್ಟೆ. ಎತ್ತಿನ ಹಗ್ಗ ಹೊಸೆದ ಕೈಗಳಿಂದ ತೊಡೆಯ ಮೇಲೆ ಉಜ್ಜಿ ಉಜ್ಜಿ ಅಪ್ಪ ಹೊಸೆದ ಆ ಶಿವದಾರದಲ್ಲಿ ಒಂದು ಹೋರಿಯನ್ನು ಕಟ್ಟಬಹುದಿತ್ತು. ಗುಂಡಗಡಿಗೆಯ ನೆಗ್ಗು ತೆಗೆಸಬೇಕೆಂದು ಅಕ್ಕಲಕೋಟದ ಅಕ್ಕಸಾಲಿಗನ ಹತ್ತಿರ ಹೋಗಲು ಹೊರಟರೆ ನೀಲವ್ವ ಬಿಡಲಿಲ್ಲ. “ಇರ್ಲಿ ಬಿಡೋ. ಅಷ್ಟು ದೂರದಿಂದ ಬಂದಾಂವ ಹೊಡೆದಾನ, ನೆಪ್ಪಿಗಿ ಇರ್ಲಿ,” ಅಂದಳು.

ಇಷ್ಟಾದ ಮೇಲೆ ಎಲ್ಲ ಸರಿಯಾಗಬೇಕಿತ್ತು. ಆಗಲಿಲ್ಲ. ನನ್ನ ಕೈಗಳು ಕೆಟ್ಟ ಪಾಠ ಕಲಿತುಬಿಟ್ಟಿದ್ದವು. ಬ್ಯಾಟಿನಿಂದ ಚೆಂಡು ನನ್ನ ಕಡೆಗೆ ಬಂದ ಕೂಡಲೇ ಎಡಗೈ ಓಡಿ ಹೋಗಿ ಎದೆಯನ್ನು ಹಿಡಿದುಕೊಳ್ಳುತ್ತಿತ್ತು. ಸುಲಭದ ಕ್ಯಾಚುಗಳು ಒಂದೊಂದಾಗಿ ಬಿದ್ದವು. ಹೊಸ ಹುಡುಗರಿಗೆ ಹೇಳುತ್ತೇನೆ, ವೇಗದ ಬೌಲರಿನ ಕಾಲು ಮುರಿದರೆ ಕಟ್ಟು ಹಾಕಬಹುದು, ಅಂಜಿಕೆ ಹೊಕ್ಕರೆ ಕಟ್ಟುವ ವೈದ್ಯರಿಲ್ಲ. ಅದೇ ಹೊತ್ತಿಗೆ ಸಿಂಹಳಕ್ಕೆ ಒಂದು ತಂಡ ಹೊರಡುವುದಿತ್ತು. ಆಯ್ಕೆಯವರೊಬ್ಬರು ನಮ್ಮ ಮಿಲ್ಲಿನ ಪಂದ್ಯ ನೋಡಲು ಸೊಲ್ಲಾಪುರಕ್ಕೇ ಬರುತ್ತಾರೆ ಎಂದಾಯಿತು. ಜೋಶಿ ಸಾಹೇಬರು ನನ್ನನ್ನು ಕರೆದು, “ಇವತ್ತ ಒಂದು ಕ್ಯಾಚ್ ಬಿಟ್ಟರ ಮುಗೀತು, ಪೋರಾ. ನಾ ಏನೂ ಮಾಡಾಕ ಆಗಂಗಿಲ್ಲ,” ಅಂದರು.

ಆ ಪಂದ್ಯಕ್ಕೆ ನಾನು ಕರೆಯದೆಯೇ ಅಪ್ಪ ಬಂದ. ಜತೆಗೆ ನೀಲವ್ವ, ಬುಟ್ಟಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಅಪ್ಪ ಆ ಆಟವನ್ನು ನೋಡುತ್ತಿದ್ದುದು ಅದೇ ಮೊದಲು. ಮಿಲ್ಲಿನ ಮಂದಿಯ ನಡುವೆ ಬೇವಿನ ಮರದ ಕೆಳಗೆ ಕುಳಿತು, ಇಸ್ಮಾಯಿಲನ ತಮ್ಮನಿಂದ ಪ್ರತಿಯೊಂದನ್ನೂ ಕೇಳಿ ತಿಳಿದುಕೊಳ್ಳುತ್ತಿದ್ದನಂತೆ. ಬ್ಯಾಟ್ ಹಿಡಿದವನ ಕೈಕಾಲಿಗೆ ಅಷ್ಟೊಂದು ಪಟ್ಟಿಗಿಟ್ಟಿ ಯಾಕೆ, ನನ್ನ ಮಗನಿಗೆ ಏನೂ ಇಲ್ಲವಲ್ಲ ಎಂದೂ ಕೇಳಿದನಂತೆ. ಬೌಲರಿನ ಅಪ್ಪ ಅಂದರೆ ಹೀಗಿರಬೇಕು.

ನನ್ನ ಮೂರನೆಯದೋ ನಾಲ್ಕನೆಯದೋ ಓವರಿನಲ್ಲಿ ಚೆಂಡು ತಿರುಗಿ ನನ್ನ ಕಡೆಗೇ ಬಂತು, ಸೊಂಟದೆತ್ತರ, ಮಗುವೂ ಹಿಡಿಯುವಂಥದ್ದು. ನನ್ನ ಎಡಗೈ ಎದೆಗೆ ಹೋಯಿತು. ಬಲಗೈಯೊಂದರಿಂದ ತಡೆದೆ, ಚೆಂಡು ಕೆಳಗೆ ಬಿತ್ತು. ಜೋಶಿ ಸಾಹೇಬರು ಬೆನ್ನು ತಿರುಗಿಸಿ ನಿಂತರು. ಆಯ್ಕೆಗೆ ಬಂದವರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ನಾನು ತಲೆ ತಗ್ಗಿಸಿಕೊಂಡು ನನ್ನ ಓಟದ ಗುರುತಿನ ಕಡೆಗೆ ನಡೆದೆ. ಸಿಂಹಳ ಸಮುದ್ರದಲ್ಲಿ ಮುಳುಗಿತು ಅಂದುಕೊಂಡೆ.

ಆಗ ಬೇವಿನ ಮರದ ಕೆಳಗಿನಿಂದ ಆ ಕೂಗು ಬಂತು. ಬೋರಿ ನದಿ ದಾಟುತ್ತಿದ್ದ ಕೂಗು. ಮೈದಾನದಲ್ಲಿದ್ದವರೆಲ್ಲ ನಿಂತುಬಿಟ್ಟರು.

“ಲೇ ಗುರಪ್ಪಾ! ದಾರ ನಾ ಹೊಸೆದೀನೋ! ಅದು ಹರಿಯಂಗಿಲ್ಲ! ನೀ ಚೆಂಡು ಹಿಡಿ!”

ಮಂದಿ ಘೊಳ್ಳೆಂದು ನಕ್ಕರು. ಆಡುವವರಲ್ಲಿ ಅರ್ಥ ತಿಳಿದವರು ಮೂರು ಜನ, ಜೋಶಿ ಸಾಹೇಬರು, ಇಸ್ಮಾಯಿಲ್, ನಾನು. ನನ್ನ ಮೈಯ ಬಿಗಿತವೆಲ್ಲ ಆ ನಗುವಿನಲ್ಲಿ ಕರಗಿತು. ಇಸ್ಮಾಯಿಲ್ ವಿಕೆಟಿನ ಹಿಂದಿನಿಂದ, “ಕೇಳ್ತೇನಲೇ? ಹೆಡ್ ಜಾಬರನ ಹುಕುಮ್ ಆಗ್ಯಾದ!” ಅಂದ. ನಾನು ಓಡಿ ಬಂದು ಪಾದದ ಹತ್ತಿರ ಚೆಂಡು ಹಾಕಿದೆ, ಮುಂಬೈಯಲ್ಲಿ ಹಾಕಿದ್ದೇ ಚೆಂಡು. ಬ್ಯಾಟ್ಸ್‌ಮನ್ ಈಗ ಧೈರ್ಯವಾಗಿ ನೇರ ನನಗೇ ಬಾರಿಸಿದ, ಮುಂಚಿನದಕ್ಕಿಂತ ಎರಡು ಪಟ್ಟು ಜೋರು. ಗುಂಡಗಡಿಗೆ ಎದೆಯ ಮೇಲೆ ಒಮ್ಮೆ ಜಿಗಿದದ್ದು ತಿಳಿಯಿತು. ಎರಡೂ ಕೈ ಚೆಂಡಿಗೆ ಹೋದವು. ಅಂಗೈ ಉರಿದುಹೋಯಿತು, ಚೆಂಡು ಮಾತ್ರ ಅಲ್ಲೇ ಇತ್ತು.

ನಾನು ಆಕಾಶಕ್ಕೆ ಮುಖ ಮಾಡಿ ಗುಬ್ಬಿ ಓಡಿಸುವ ಕೂಗು ಹಾಕಿದೆ. ಕಾಗೆಗಳೆದ್ದವು, ಮಿಲ್ಲಿನವರು ಟೊಪ್ಪಿಗೆ ಹಾರಿಸಿದರು, ನೀಲವ್ವ ರೊಟ್ಟಿಯ ಬುಟ್ಟಿ ಮರೆತು ಎದ್ದು ನಿಂತು ಕುಣಿದಳು. ಜೋಶಿ ಸಾಹೇಬರು ಓಡಿ ಬಂದು ತಬ್ಬಿಕೊಂಡರು. ಆಯ್ಕೆಗೆ ಬಂದವರೂ ಚಪ್ಪಾಳೆ ತಟ್ಟುತ್ತಿದ್ದರು.

ನಾನು ಚೆಂಡನ್ನು ಎತ್ತಿ ಅಪ್ಪನಿಗೆ ತೋರಿಸಿದೆ. ಅಪ್ಪ ಚೆಂಡಿನ ಕಡೆ ನೋಡಲೇ ಇಲ್ಲ. ಹಣೆಗೆ ಕೈ ಅಡ್ಡ ಹಿಡಿದು ನನ್ನ ಎದೆಯನ್ನು ನೋಡಿದ. ದಾರ ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ಮತ್ತೆ ಕುಳಿತುಕೊಂಡು ರೊಟ್ಟಿ ಬಿಚ್ಚಿದ.